ಕಾಣದ ಮೀನಿಗೆ ಬಣ್ಣವಿತ್ತವರು

ವಿಜ್ಞಾನ ಗ್ರಂಥದಲ್ಲಿ ಅಚ್ಚಾದ ಚಿತ್ರವನ್ನು ಕಂಡೊಡನೆ ನಾವು ಅದನ್ನು ನಂಬಿಬಿಡುತ್ತೇವೆ. ಚಿತ್ರ ಬರೆದವರು ಆ ವಸ್ತುವನ್ನು ಕಣ್ಣಾರೆ ಕಂಡಿದ್ದರೇ ಎಂದು ನಾವು ಕೇಳುವುದು ವಿರಳ. ಸಾಗರಜೀವಿಗಳ ಚಿತ್ರಕಾರ್ತಿ ಎಲ್ಸೆ ಬೋಸ್ಟೆಲ್‌ಮನ್ ಅವರ ಜೀವನವನ್ನು ಅವಲೋಕಿಸಿದರೆ, ಈ ಪ್ರಶ್ನೆ ಎಷ್ಟು ಮುಖ್ಯವೆಂಬುದು ನಮಗೆ ಮನವರಿಕೆಯಾಗುತ್ತದೆ.

ಎಲ್ಸೆ 1882ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಜನಿಸಿದರು. ವೈಮಾರ್ ನಗರದ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ, 1909ರಲ್ಲಿ ಅಮೆರಿಕಕ್ಕೆ ಬಂದರು. 1920ರಲ್ಲಿ ಪತಿ ತೀರಿಕೊಂಡ ಮೇಲೆ ಚಿತ್ರಕಲೆಯೇ ಅವರಿಗೂ ಅವರ ಮಗಳಿಗೂ ಆಧಾರವಾಯಿತು. 1929ರಲ್ಲಿ ಅವರು ನ್ಯೂಯಾರ್ಕಿನ ಪ್ರಾಣಿವಿಜ್ಞಾನ ಸಂಘದ ಸಂಶೋಧಕ ವಿಲಿಯಂ ಬೀಬಿಯವರ ತಂಡವನ್ನು ಸೇರಿ, ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳಿಗೆ ತೆರಳಿದರು. ಆ ತಂಡಕ್ಕಾಗಿ ಅವರು ಬರೆದ ಚಿತ್ರಗಳು ಮುನ್ನೂರನ್ನು ಮೀರುತ್ತವೆ.

ಅವರ ಕೆಲಸದಲ್ಲಿ ಮೂರು ಬಗೆಗಳಿದ್ದುವು. ಮೊದಲನೆಯದು, ಬಲೆಗೆ ಸಿಕ್ಕಿದ ಜೀವಿಗಳನ್ನು ಚಿತ್ರಿಸುವುದು. ಆಳದಿಂದ ಮೇಲೆತ್ತಿದ ಮೀನು ಬೇಗನೆ ಸಾಯುತ್ತದೆ. ಅದರ ಬಣ್ಣ ಮಾಸುತ್ತದೆ, ಮೈಮೇಲಿನ ದೀಪಗಳು ನಂದುತ್ತವೆ. ಆದುದರಿಂದ ಕುಂಚ ಸಾವಿಗಿಂತ ಮುಂದೋಡಬೇಕಾಗಿತ್ತು. ಎರಡನೆಯದು, ತಾಮ್ರದ ಶಿರಸ್ತ್ರಾಣ ಧರಿಸಿ, ಕೊಳವೆಯ ಮೂಲಕ ಬರುವ ಗಾಳಿಯನ್ನು ಉಸಿರಾಡುತ್ತ, ಕಡಲ ತಳದಲ್ಲಿಯೇ ಕುಳಿತು ಚಿತ್ರಿಸುವುದು. ಎಣ್ಣೆಬಣ್ಣ ನೀರಿನಲ್ಲಿ ಕರಗದ ಕಾರಣ ಇದು ಸಾಧ್ಯವಾಯಿತು. ಆದರೆ ಮರದ ಹಿಡಿಯ ಕುಂಚ ಕೈಬಿಟ್ಟೊಡನೆ ಮೇಲಕ್ಕೆ ತೇಲಿಹೋಗುತ್ತಿತ್ತು!

ಮೂರನೆಯದೇ ಎಲ್ಲಕ್ಕಿಂತ ವಿಚಿತ್ರವಾದುದು. ಎಂಜಿನಿಯರ್ ಓಟಿಸ್ ಬಾರ್ಟನ್ ಅವರು ‘ಬ್ಯಾಥಿಸ್ಫಿಯರ್’ ಎಂಬ ಉಕ್ಕಿನ ಗೋಳವೊಂದನ್ನು ನಿರ್ಮಿಸಿದ್ದರು. ಅದರ ವ್ಯಾಸ ಸುಮಾರು 1.45 ಮೀಟರ್, ಕಿಟಕಿಗಳು ಸುಮಾರು ಮೂರು ಅಂಗುಲ ದಪ್ಪದ ಸ್ಫಟಿಕಶಿಲೆಯ ಗಾಜಿನವು. ಹಗ್ಗದಿಂದ ಇಳಿಬಿಟ್ಟ ಈ ಗೋಳದಲ್ಲಿ ಕುಳಿತು ಬೀಬಿ ಮತ್ತು ಬಾರ್ಟನ್ 1934ರ ಆಗಸ್ಟ್ 15ರಂದು 3,028 ಅಡಿ, ಎಂದರೆ 923 ಮೀಟರ್ ಆಳವನ್ನು ಮುಟ್ಟಿದರು. ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುವುದರಿಂದ, ಅಲ್ಲಿನ ಒತ್ತಡವನ್ನು ಓದುಗರೇ ಗಣಿಸಬಹುದು. ಬೀಬಿ ತಾವು ಕಂಡುದನ್ನು ಟೆಲಿಫೋನಿನಲ್ಲಿ ಹೇಳುತ್ತಿದ್ದರು. ಹಡಗಿನ ಮೇಲೆ ಗ್ಲೋರಿಯಾ ಹಾಲಿಸ್ಟರ್ ಅವರು ಅದನ್ನು ಬರೆದುಕೊಳ್ಳುತ್ತಿದ್ದರು. ಆ ಗೋಳದಲ್ಲಿ ಎಂದೂ ಆಳಕ್ಕಿಳಿಯದ ಎಲ್ಸೆ, ಆ ಮಾತುಗಳಿಗೆ ರೂಪವನ್ನೂ ಬಣ್ಣವನ್ನೂ ಕೊಡಬೇಕಾಗಿತ್ತು.

ಇಲ್ಲಿ ಭೌತವಿಜ್ಞಾನದ ತೊಡಕೊಂದು ಎದುರಾಗುತ್ತದೆ. ನೀರು ಬಿಳಿಯ ಬೆಳಕಿನ ಎಲ್ಲ ಬಣ್ಣಗಳನ್ನೂ ಸಮನಾಗಿ ಹೀರುವುದಿಲ್ಲ. ಕೆಂಪು ಬಹುಮಟ್ಟಿಗೆ ಮೊದಲ ಹತ್ತು ಮೀಟರುಗಳಲ್ಲಿಯೇ ಕ್ಷೀಣಿಸುತ್ತದೆ; ನೀಲಿಯು ಬಹುದೂರ ಸಾಗುತ್ತದೆ; ಕೊನೆಗೆ ಅದೂ ಅಳಿದು ಕತ್ತಲೆ ಕವಿಯುತ್ತದೆ. ಬಲೆಯಲ್ಲಿ ಕಡುಗೆಂಪಾಗಿ ಕಾಣುವ ಆಳಸಮುದ್ರದ ಸೀಗಡಿ ತನ್ನ ನೆಲೆಯಲ್ಲಿ ಕಪ್ಪಾಗಿರುತ್ತದೆ. ಏಕೆಂದರೆ, ಅದು ಹಿಂದಿರುಗಿಸಬೇಕಾದ ಕೆಂಪು ಕಿರಣವೇ ಅಲ್ಲಿಲ್ಲ. ಹಾಗಾದರೆ ಚಿತ್ರಕಾರನು ಬಳಿಯಬೇಕಾದುದು ಯಾವ ಬಣ್ಣ? ಬಣ್ಣವು ವಸ್ತುವೊಂದರದೇ ಸೊತ್ತಲ್ಲ, ಅದರ ಮೇಲೆ ಬೀಳುವ ಬೆಳಕಿಗೂ ಅದರಲ್ಲಿ ಪಾಲುಂಟು ಎಂಬ ಪಾಠ ಇಲ್ಲಿ ಸ್ಪಷ್ಟವಾಗುತ್ತದೆ.

ಬೀಬಿ ಕಂಡ ಮೀನೊಂದರ ದೇಹ ಬಹುಮಟ್ಟಿಗೆ ದುಂಡಗಿದ್ದಿತು; ಅದರ ಪಕ್ಕದಲ್ಲಿ ಐದು ಸಾಲು ಹಳದಿ ದೀಪಗಳು, ಪ್ರತಿ ದೀಪದ ಸುತ್ತಲೂ ನೇರಳೆ ಬಣ್ಣದ ಕಿರುದೀಪಗಳು. ಅವರು ಅದಕ್ಕೆ ‘ಬ್ಯಾಥಿಸಿಡಸ್ ಪೆಂಟಗ್ರಾಮಸ್’ ಎಂಬ ಶಾಸ್ತ್ರೀಯ ನಾಮವನ್ನೂ ಇಟ್ಟರು. 1935ರಲ್ಲಿ ಮತ್ಸ್ಯವಿಜ್ಞಾನಿ ಕಾರ್ಲ್ ಹಬ್ಸ್ ಇದನ್ನು ಸಂಶಯಿಸಿದರು. ಅದು ಬೆಳಗುವ ಅಂಬಲಿಮೀನಿನ ಜಾತಿಯ ಜೀವಿಯಾಗಿದ್ದು, ಕಿಟಕಿಯ ಮೇಲೆ ಕುಳಿತ ಬೀಬಿಯವರ ಉಸಿರಿನ ಮಂಜೇ ಅದರ ದೀಪಗಳಿಗೆ ಪ್ರಭಾವಲಯವನ್ನು ತೊಡಿಸಿರಬಹುದೆಂಬುದು ಅವರ ಆಕ್ಷೇಪಣೆ. ಆ ಮೀನು ಇಂದಿನವರೆಗೂ ಯಾರ ಬಲೆಗೂ ಬಿದ್ದಿಲ್ಲ.

ಇದಕ್ಕೆ ಎಲ್ಸೆಯವರನ್ನು ದೂಷಿಸುವುದು ಸಲ್ಲದು. ಕೋರೆಹಲ್ಲಿನ ‘ವೈಪರ್ ಮೀನ’ನ್ನು ಅವರು ಸತ್ತ ದೇಹ ನೋಡಿ ಚಿತ್ರಿಸಿದರು, ಅದು ನಿಜವಾದ ಜೀವಿಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಐದು ಸಾಲಿನ ಮೀನನ್ನು ಕೇಳಿದ ಮಾತಿಗೆ ನಿಷ್ಠರಾಗಿ ಚಿತ್ರಿಸಿದರು. ಕುಂಚದ ಕೌಶಲ ಎರಡರಲ್ಲಿಯೂ ಒಂದೇ. ಭೇದವಿರುವುದು ಅವುಗಳ ಹಿಂದಿರುವ ಸಾಕ್ಷ್ಯದಲ್ಲಿ. ಚಿತ್ರ ಎಷ್ಟೇ ಸ್ಫುಟವಾಗಿದ್ದರೂ, ಅದು ನೋಡಿದವನ ನೋಟಕ್ಕಿಂತ ಹೆಚ್ಚು ಸತ್ಯವಾಗಲಾರದು.

ಎಲ್ಸೆ 1961ರಲ್ಲಿ ನಿಧನ ಹೊಂದಿದರು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ, ದೂರದರ್ಶಕದಲ್ಲಿ ಕಾಣದ ರೋಹಿತರೇಖೆಯನ್ನು ಪಠ್ಯಪುಸ್ತಕದಿಂದ ದಾಖಲೆಗೆ ಇಳಿಸುವ ವಿದ್ಯಾರ್ಥಿಗಳನ್ನು ನಾವು ಆಗಾಗ ನೋಡುತ್ತೇವೆ. ಎಲ್ಸೆ ಕೇಳಿ ಬರೆದುದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಆದುದರಿಂದಲೇ ಹಬ್ಸ್ ಅದನ್ನು ಪ್ರಶ್ನಿಸಬಲ್ಲವರಾದರು. ನಾವೂ ನಮ್ಮ ದಾಖಲೆಗಳಲ್ಲಿ ಕಂಡುದನ್ನು ಕಂಡುದೆಂದೂ, ಕೇಳಿದುದನ್ನು ಕೇಳಿದುದೆಂದೂ ಬೇರೆಬೇರೆಯಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳೋಣ.