ಧಾರಾವಾಹಿಗೆ ಬರೆಯುವ ಕೆಲಸ: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಸಂಜೆಯಾಯಿತೆಂದರೆ ಕನ್ನಡದ ಮನರಂಜನಾ ವಾಹಿನಿಗಳಲ್ಲಿ ಅರ್ಧ ಗಂಟೆಗೊಂದು ಧಾರಾವಾಹಿ. ಜಾಹೀರಾತು ಕಳೆದರೆ ಒಂದು ಕಂತಿಗೆ ಸುಮಾರು 22 ನಿಮಿಷ, ವಾರಕ್ಕೆ ಐದಾರು ಕಂತು. ಅಷ್ಟನ್ನೂ ಯಾರಾದರೂ ಕೂತು ಬರೆಯಲೇಬೇಕು. ಬರವಣಿಗೆಯಿಂದಲೇ ಹೊಟ್ಟೆ ಹೊರೆಯಬೇಕೆನ್ನುವವರಿಗೆ ಕನ್ನಡದಲ್ಲಿ ಇಷ್ಟು ನಿತ್ಯದ ಕೆಲಸ ಬೇರೆ ಕಡೆ ಸಿಗುವುದು ಕಷ್ಟ. ಸೀರಿಯಲ್ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ ನೋಡಿದವರಿಗೆ ಈ ಮಾಧ್ಯಮದ ತಾಕತ್ತು ಗೊತ್ತು.

ಹಂತ 1: ಯಾರ ಕೆಲಸ ಯಾವುದು, ತಿಳಿಯಿರಿ

ಟೈಟಲ್ ಕಾರ್ಡ್ ಗಮನಿಸಿ. ಕಥೆ, ಚಿತ್ರಕಥೆ, ಸಂಭಾಷಣೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತವೆ. ಮುಂದಿನ ಕಂತುಗಳಲ್ಲಿ ಏನು ನಡೆಯುತ್ತದೆ ಎಂಬ ಒನ್‌ಲೈನ್‌ಗೆ ವಾಹಿನಿಯವರು ಒಪ್ಪಿಗೆ ಕೊಡುತ್ತಾರೆ. ಚಿತ್ರಕಥೆಯವರು ಅದನ್ನು ದೃಶ್ಯಗಳಾಗಿ ಒಡೆದು ಸೀನ್ ಆರ್ಡರ್ ಮಾಡುತ್ತಾರೆ. ಅದು ಸಂಭಾಷಣೆಯವರ ಕೈಗೆ ಬರುತ್ತದೆ. ಹೊಸಬರು ಸಾಮಾನ್ಯವಾಗಿ ಒಳಗೆ ಹೋಗುವುದು ಇವರಲ್ಲೊಬ್ಬರ ಸಹಾಯಕರಾಗಿ.

ಹಂತ 2: ಒಂದು ಕಂತನ್ನು ಬಿಚ್ಚಿ ನೋಡಿ

ಯಾವುದಾದರೂ ಒಂದು ಕಂತನ್ನು ಮೊದಲು ಧ್ವನಿ ತೆಗೆದು ನೋಡಿ. ಎಷ್ಟು ದೃಶ್ಯ, ಎಷ್ಟು ಸೆಟ್, ಯಾರು ಯಾರು ಇದ್ದಾರೆ, ಬ್ರೇಕ್ ಎಲ್ಲಿ ಬಂತು, ಯಾರ ಮುಖದ ಮೇಲೆ ಫ್ರೀಜ್ ಆಯಿತು, ಎಲ್ಲ ಬರೆದುಕೊಳ್ಳಿ. ಆಮೇಲೆ ಧ್ವನಿ ಹಾಕಿ. ಮಾತಿಲ್ಲದೆಯೇ ನಿಮಗೆ ಎಷ್ಟು ಅರ್ಥವಾಗಿತ್ತು ಎಂಬುದೇ ಇಲ್ಲಿನ ಪಾಠ.

ಜತೆಗೆ ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಓದಿ, ಗಿರೀಶ ಕಾಸರವಳ್ಳಿ ಅವರು ಅದರಿಂದ 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’ ನೋಡಿ. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಸಿನಿಮಾದಲ್ಲಿ ಗುಲಾಬಿಯ ಮನೆಗೇ ಬಣ್ಣದ ಟಿವಿ ಬರುತ್ತದೆ, ಕಾಲ ಕಾರ್ಗಿಲ್ ಯುದ್ಧದ ಹೊತ್ತಿಗೆ ಸರಿಯುತ್ತದೆ. ಏನನ್ನು ಬದಲಿಸಿದರು, ಯಾಕೆ ಬದಲಿಸಿದರು ಎಂದು ಎರಡು ಪುಟ ಬರೆಯಿರಿ.

ಹಂತ 3: ಒಂದೇ ಒಂದು ದೃಶ್ಯ ಬರೆಯಿರಿ

ಸಮಯವನ್ನು ಇಲ್ಲಿ ಸುರಿಯಿರಿ. ಸೊಸೆಗೆ ಬಿ.ಎಡ್. ಸೇರುವ ಆಸೆ, ಅತ್ತೆಗೆ ಇಷ್ಟವಿಲ್ಲ ಎಂದಿಟ್ಟುಕೊಳ್ಳಿ. ಹೊಸಬರು ಮೊದಲು ಬರೆಯುವುದು, “ಅತ್ತೆ, ನಾನು ಮುಂದೆ ಓದಬೇಕು, ನನಗೂ ಕನಸುಗಳಿವೆ” ಎಂದು. ಮನಸ್ಸಿನಲ್ಲಿದ್ದದ್ದೆಲ್ಲ ಬಾಯಿಗೆ ಬಂದುಬಿಟ್ಟರೆ ನಟಿಗೆ ಮಾಡಲು ಏನೂ ಉಳಿಯುವುದಿಲ್ಲ. ಹೀಗೆ ಬರೆದು ನೋಡಿ:

ದೃಶ್ಯ 4. ಊಟದ ಮನೆ. ಒಳಾಂಗಣ. ಬೆಳಿಗ್ಗೆ.
(ಸೊಸೆ ತುಂಬಿದ ಅರ್ಜಿಯನ್ನು ಗಂಡ ಕೂರುವ ಜಾಗದಲ್ಲಿ ಇಟ್ಟು ಒಳಗೆ ಹೋಗುತ್ತಾಳೆ. ಅತ್ತೆ ಬಂದು, ಅದನ್ನು ಮಡಚಿ, ಬಿಸಿ ಪಾತ್ರೆಯ ಕೆಳಗೆ ಹಾಕುತ್ತಾರೆ. ಸೊಸೆ ವಾಪಸ್ ಬಂದು ನೋಡುತ್ತಾಳೆ.)
ಸೊಸೆ: ಅತ್ತೆ, ಅದರಲ್ಲಿ ಫೋಟೋ ಇದೆ.
ಅತ್ತೆ: ಯಾರದ್ದು?
ಸೊಸೆ: ನಂದೇ.
(ಅತ್ತೆ ಪಾತ್ರೆ ಎತ್ತುವುದಿಲ್ಲ.)

ಓದುವ ಆಸೆಯ ಬಗ್ಗೆ ಒಂದು ಮಾತೂ ಇಲ್ಲ, ಜಗಳವೂ ಇಲ್ಲ. ಆದರೂ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಗೊತ್ತಾಯಿತು, ಗಂಡ ಬಂದು ಕೂತರೆ ಏನಾಗುತ್ತದೋ ಎಂಬ ಕುತೂಹಲವೂ ಹುಟ್ಟಿತು. ದೃಶ್ಯ ಬರೆಯುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರಿಗೆ ಏನು ಬೇಕು? ಅಡ್ಡ ನಿಂತವರು ಯಾರು? ಉತ್ತರವಿಲ್ಲದಿದ್ದರೆ ಆ ದೃಶ್ಯ ಬೇಡ. ಇದೇ ಸನ್ನಿವೇಶವನ್ನು ಅತ್ತೆಯ ಕಡೆಯಿಂದ, ಗಂಡನ ಕಡೆಯಿಂದಲೂ ಬರೆಯಿರಿ. ಅತ್ತೆಗೂ ಒಂದು ನ್ಯಾಯವಾದ ಭಯವಿದೆ ಎಂದು ಕಂಡ ದಿನ ನಿಮ್ಮ ಬರವಣಿಗೆ ಬದಲಾಗುತ್ತದೆ.

ಹಂತ 4: ಗಟ್ಟಿಯಾಗಿ ಓದಿ

ಕನ್ನಡ ಧಾರಾವಾಹಿಗಳ ಸೆಟ್‌ನಲ್ಲಿ ಪ್ರಾಂಪ್ಟಿಂಗ್ ಸಾಮಾನ್ಯ. ಕ್ಯಾಮೆರಾ ಹಿಂದೆ ಒಬ್ಬರು ಸಾಲು ಓದುತ್ತಾರೆ, ಕಲಾವಿದರು ಕೇಳಿಸಿಕೊಂಡು ಹೇಳುತ್ತಾರೆ. ಒಂದೇ ಉಸಿರಿಗೆ ನಿಲುಕದ ವಾಕ್ಯ ಅಲ್ಲೇ ಮುಗ್ಗರಿಸುತ್ತದೆ. ಸಾಲನ್ನು ಚಿಕ್ಕದಾಗಿಸಿ. ಮಂಡ್ಯದ ಅಜ್ಜಿಗೂ ಧಾರವಾಡದ ಮೇಷ್ಟ್ರಿಗೂ ಒಂದೇ ಕನ್ನಡ ಹಾಕಬೇಡಿ. ಈರೇಗೌಡರು ಬರೆದ ‘ತಿಥಿ’ ಸಿನಿಮಾ ಲೊಕಾರ್ನೊ ಚಿತ್ರೋತ್ಸವದವರೆಗೆ ಹೋಗಿ ಪ್ರಶಸ್ತಿ ಗೆದ್ದದ್ದು ತನ್ನೂರಿನ ಮಾತನ್ನು ಬಿಡದೆ. ಬಸ್‌ಸ್ಟ್ಯಾಂಡ್, ಸಂತೆ, ಆಸ್ಪತ್ರೆಯ ಸಾಲು, ಎಲ್ಲಿ ಹೋದರೂ ಕಿವಿ ತೆರೆದಿರಲಿ.

ಹಂತ 5: ಎಲ್ಲಿ ಕಲಿಯಬೇಕು?

ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಚಿತ್ರಕಥೆಗೇ ಪ್ರತ್ಯೇಕ ಕೋರ್ಸ್ ಇದೆ. ಪದವಿ ಬೇಕು, ಪ್ರವೇಶ ಪರೀಕ್ಷೆಯೂ ಇದೆ. ಅವರ ಕಿರು ಅವಧಿಯ ಕೋರ್ಸ್‌ಗಳೂ ನಡೆಯುತ್ತವೆ. ಕನ್ನಡದಲ್ಲೇ ಕಲಿಯಬೇಕೆಂದರೆ ನನ್ನ ಮೊದಲ ಸಲಹೆ ಹೆಗ್ಗೋಡು. ಅಲ್ಲಿನ, ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅಲ್ಲಿ ಸೀರಿಯಲ್ ಬರೆಯಲು ಹೇಳಿಕೊಡುವುದಿಲ್ಲ, ನಿಜ. ಆದರೆ ಒಂದು ಮಾತು ನಟನ ಮೈಯಲ್ಲಿ ಹೇಗೆ ಕೂರುತ್ತದೆ, ಯಾವಾಗ ಮೌನ ಸಾಕು ಎಂಬುದು ವರ್ಷವಿಡೀ ಕಣ್ಣೆದುರು ನಡೆಯುತ್ತದೆ. ಎರಡೂ ಆಗದಿದ್ದರೆ ಊರಿನ ಹವ್ಯಾಸಿ ನಾಟಕ ತಂಡ ಸೇರಿ. ‘ಹತ್ತೇ ದಿನದಲ್ಲಿ ಸ್ಕ್ರಿಪ್ಟ್ ರೈಟರ್, ಕೆಲಸ ಗ್ಯಾರಂಟಿ’ ಎನ್ನುವ ಜಾಹೀರಾತಿಗೆ ದುಡ್ಡು ಕಟ್ಟಬೇಡಿ.

ಹಂತ 6: ತೋರಿಸಲು ಏನಾದರೂ ಇರಲಿ

ಒಂದು ಪುಟದ ಕಥೆ, ಒಂದು ಕಂತಿನ ಸೀನ್ ಆರ್ಡರ್, ಪೂರ್ತಿ ಬರೆದ ಎರಡು ದೃಶ್ಯ: ಇಷ್ಟು ಸಾಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಕಳಿಸಿ. ಹಳೆಯ ನುಡಿ ಫಾಂಟ್‌ನ ಕಡತ ಇನ್ನೊಬ್ಬರ ಮೊಬೈಲ್‌ನಲ್ಲಿ ಬರೀ ಗೀಟುಗಳಾಗಿ ತೆರೆದುಕೊಂಡರೆ ಓದುವವರು ಮುಂದೆ ಹೋಗಿಬಿಡುತ್ತಾರೆ. ನಿರ್ಮಾಪಕರ ಬಾಗಿಲು ಕಾಯುವುದಕ್ಕಿಂತ ಸಹ ನಿರ್ದೇಶಕರ, ಸಂಭಾಷಣೆಕಾರರ ಪರಿಚಯ ಮಾಡಿಕೊಳ್ಳಿ. ಸಹಾಯಕರು ಬೇಕಾದಾಗ ಮೊದಲು ಗೊತ್ತಾಗುವುದು ಅವರಿಗೇ.

ಹಂತ 7: ಕಾಗದಪತ್ರ

ಐಡಿಯಾಗೆ ಕೃತಿಸ್ವಾಮ್ಯವಿಲ್ಲ, ಬರೆದದ್ದಕ್ಕೆ ಇದೆ. ಆದ್ದರಿಂದ ಬಾಯಲ್ಲಿ ಹೇಳುವ ಮುನ್ನ ಬರೆದಿಡಿ, ಇಮೇಲ್‌ನಲ್ಲೇ ಕಳಿಸಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಆನ್‌ಲೈನ್‌ನಲ್ಲೇ ಸ್ಕ್ರಿಪ್ಟ್ ನೋಂದಾಯಿಸಬಹುದು. ಕಂತಿಗೆ ಎಷ್ಟು, ಯಾವಾಗ ಕೊಡುತ್ತಾರೆ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಬೇಡ, ಇದು ನಿಮ್ಮ ದುಡಿಮೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಯ ರಾಯಧನದಲ್ಲಿ ಬರಹಗಾರರಿಗೆ ಸಮಪಾಲು ಉಂಟು. ಒಪ್ಪಂದದಲ್ಲಿ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಅದು ನಿಲ್ಲದು. ಪ್ಯಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ, ಸಂಭಾವನೆಯಲ್ಲಿ ಟಿಡಿಎಸ್ ಹಿಡಿಯುತ್ತಾರೆ.

ಹಂತ 8: ಮೊದಲ ಕೆಲಸ ಸಿಕ್ಕಾಗ

ಸಂಜೆ ಕೊಟ್ಟ ದೃಶ್ಯ ಬೆಳಿಗ್ಗೆಗೆ ಬೇಕು ಎನ್ನುತ್ತಾರೆ. ಕೊಡಿ. ಕಂತು ಪ್ರಸಾರವಾದಾಗ ನಿಮ್ಮ ಪುಟ ಎದುರಿಗಿಟ್ಟುಕೊಂಡು ನೋಡಿ, ಸೆಟ್‌ನಲ್ಲಿ ಬದಲಾದ ಸಾಲುಗಳಿಗೆಲ್ಲ ಗುರುತು ಹಾಕಿ. ಕಲಾವಿದರಿಗೆ ತೊಡರಾದದ್ದು ಯಾವುದು, ನಿರ್ದೇಶಕರು ಅನಗತ್ಯವೆಂದು ಕತ್ತರಿಸಿದ್ದು ಯಾವುದು ಎಂದು ಬೇರೆ ಬೇರೆ ಪಟ್ಟಿ ಮಾಡಿ, ಮುಂದಿನ ದೃಶ್ಯ ಬರೆಯುವಾಗ ಪಕ್ಕದಲ್ಲಿಟ್ಟುಕೊಳ್ಳಿ.