ನಲವತ್ತು ದಾಟಿತೇ? ಭಾರ ಎತ್ತಿ
ಹಿರೇಕೊಟ್ನೆಕಲ್‌ನ ಅಣ್ಣಂದಿರೇ, ಅಕ್ಕಂದಿರೇ, ಒಂದು ಕಿವಿಮಾತು. ನಡುವಯಸ್ಸಿನಲ್ಲಿ ದುಡಿಸದ ಸ್ನಾಯು ವರ್ಷವರ್ಷವೂ ಸವೆಯುತ್ತದೆ. ಭತ್ತದ ಚೀಲ ಹೊರುತ್ತಿದ್ದ ಬೆನ್ನು ಈಗ ಬೈಕು, ಟ್ರ್ಯಾಕ್ಟರ್ ಮೇಲೆ ಕುಳಿತಿದೆ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕಸರತ್ತು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅದಕ್ಕೆ ಮಾನ್ವಿಗೆ ಹೋಗಿ ಜಿಮ್ ಸೇರಲೇಬೇಕೆಂದಿಲ್ಲ. ಕಟ್ಟೆಯ ಮೇಲೆ ಕುಳಿತು, ಕೈಯೂರದೆ 10 ಸಲ ಏಳಿ. ಗೋಡೆಗೆ ಅಂಗೈ ಊರಿ 10 ದಂಡ ಹೊಡೆಯಿರಿ. ಎರಡೂ ಕೈಯಲ್ಲಿ ಅರ್ಧ ತುಂಬಿದ ಕೊಡ ಹಿಡಿದು ಅಂಗಳ ಸುತ್ತಿ. ಹಗುರ ಎನಿಸಿದ ಮೇಲಷ್ಟೇ ಭಾರ ಹೆಚ್ಚಿಸಿ, ಉಸಿರು ಬಿಗಿಹಿಡಿಯಬೇಡಿ. ನಮ್ಮ ಬಿಸಿಲಿಗೆ ನಸುಕೇ ಲೇಸು.

ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕೇಳಿ. ರೊಟ್ಟಿಯ ಜೊತೆ ಕಾಳುಪಲ್ಯ, ಮೊಸರು ಇರಲಿ. ಇಂದು ಗಟ್ಟಿಯಾದ ಕಾಲು ನಾಳೆ ಮುಪ್ಪಿನ ಊರುಗೋಲು.