ನೆರೆಮನೆ ದೇಶ ಶ್ರೀಲಂಕಾ ಮತ್ತು ನಾವು

 

ನಮ್ಮ ದೇಶಕ್ಕೆ ನೆಲದ ಗಡಿ ಇರುವ ಹಾಗೆ ನೀರಿನ ಗಡಿಯೂ ಇದೆ. ದಕ್ಷಿಣದಲ್ಲಿ ಸಮುದ್ರದ ಆಚೆ ಇರುವ ನೆರೆಯವರು ಶ್ರೀಲಂಕಾದವರು. ಅಡಿಕೆ ತೋಟದ ಊರಿನವರಾದ ನಮಗೆ ಆ ದೇಶದ ಜೊತೆ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಅದನ್ನು ಕೊನೆ ತನಕ ಓದಿದರೆ ತಿಳಿಯುತ್ತದೆ.

ಎಲ್ಲಿದೆ?

ಭೂಪಟ ನೋಡಿ. ತಮಿಳುನಾಡಿನ ಧನುಷ್ಕೋಡಿಯಿಂದ ಶ್ರೀಲಂಕಾದ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರ್ ಮಾತ್ರ. ಬಸ್ಸಿನ ದಾರಿಯಾಗಿದ್ದರೆ ಒಂದು ಗಂಟೆ ಸಾಕಿತ್ತು. ಇಲ್ಲಿರುವ ಕಡಲಿಗೆ ಪಾಕ್ ಜಲಸಂಧಿ ಮತ್ತು ಮನ್ನಾರ್ ಕೊಲ್ಲಿ ಎಂದು ಹೆಸರು. ಮೊದಲು ಮದ್ರಾಸಿನಿಂದ ಕೊಲಂಬೊಗೆ ಒಂದೇ ಟಿಕೇಟಿನಲ್ಲಿ ಹೋಗಬಹುದಿತ್ತಂತೆ! ಧನುಷ್ಕೋಡಿವರೆಗೆ ರೈಲು, ಅಲ್ಲಿಂದ ಹಡಗು, ಆಚೆ ದಡದಲ್ಲಿ ಮತ್ತೆ ರೈಲು. 1964ರ ಡಿಸೆಂಬರಿನಲ್ಲಿ ದೊಡ್ಡ ಚಂಡಮಾರುತ ಬಂದು ಧನುಷ್ಕೋಡಿ ಊರೇ ಹಾಳಾಯಿತು. ನೂರಕ್ಕೂ ಹೆಚ್ಚು ಜನರಿದ್ದ ರೈಲು ಅಲೆಗಳ ಪಾಲಾಯಿತು. ಆಮೇಲೆ ರಾಮೇಶ್ವರದಿಂದ ಹಡಗು ಹೋಗುತ್ತಿತ್ತು. 1983ರಲ್ಲಿ ಶ್ರೀಲಂಕಾದಲ್ಲಿ ಒಳಯುದ್ಧ ಶುರುವಾದ ಮೇಲೆ ಅದೂ ನಿಂತುಹೋಯಿತು. ಆ ಯುದ್ಧ ಮುಗಿದದ್ದು 2009ರಲ್ಲಿ. 2023ರ ಅಕ್ಟೋಬರ್ 14ರಂದು ನಾಗಪಟ್ಟಿಣದಿಂದ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು ಮತ್ತೆ ಹೊರಟಿತು. ಸುಮಾರು 40 ವರ್ಷ ನಿಂತಿದ್ದ ದಾರಿ ತೆರೆಯಿತು.

ರಾಜತಾಂತ್ರಿಕ ಸಂಬಂಧ ಎಂದರೇನು?

ಇದು ದೊಡ್ಡ ಶಬ್ದ. ಎರಡು ದೇಶದವರು ಜಗಳ ಮಾಡದೆ ಕೂತು ಮಾತಾಡಿ, ಮಾತಾಡಿದ್ದನ್ನು ಕಾಗದದ ಮೇಲೆ ಬರೆದು ಸಹಿ ಹಾಕುವುದೇ ಇದರ ಮುಖ್ಯ ಕೆಲಸ. ಅದಕ್ಕಾಗಿ ಒಂದು ದೇಶದ ಪ್ರತಿನಿಧಿ ಇನ್ನೊಂದು ದೇಶದಲ್ಲಿ ಕಚೇರಿ ಇಟ್ಟುಕೊಂಡು ಇರುತ್ತಾರೆ. ಸಾಮಾನ್ಯವಾಗಿ ಅವರನ್ನು ರಾಯಭಾರಿ ಅನ್ನುತ್ತೇವೆ. ಭಾರತ, ಶ್ರೀಲಂಕಾ ಎರಡೂ ಕಾಮನ್‌ವೆಲ್ತ್ ದೇಶಗಳಾದ್ದರಿಂದ ಇಲ್ಲಿ ಅವರಿಗೆ ಹೈಕಮಿಷನರ್ ಎನ್ನುತ್ತಾರೆ. ನಮ್ಮ ಹೈಕಮಿಷನರ್ ಕಚೇರಿ ಕೊಲಂಬೊದಲ್ಲಿದೆ.

ಇಂಥ ಒಪ್ಪಂದದಿಂದ ಜನರ ಬದುಕೇ ಬದಲಾಗುತ್ತದೆ. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಅವರ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದ ಮಾಡಿಕೊಂಡರು. ಬ್ರಿಟಿಷರ ಕಾಲದಲ್ಲಿ ಚಹಾ ತೋಟದ ಕೂಲಿಗೆ ಹೋಗಿದ್ದ ತಮಿಳರಲ್ಲಿ ಯಾರು ಅಲ್ಲಿರಬೇಕು, ಯಾರು ಭಾರತಕ್ಕೆ ಬರಬೇಕು ಎಂದು ಅದರಲ್ಲಿ ಬರೆದರು. ಹಾಗೆ ಬಂದವರಲ್ಲಿ ಕೆಲವರಿಗೆ ನಮ್ಮ ರಾಜ್ಯದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು.

ವ್ಯಾಪಾರ

ಹೊರದೇಶದ ಸಾಮಾನಿನ ಮೇಲೆ ಸರ್ಕಾರ ಹಾಕುವ ತೆರಿಗೆಗೆ ಆಮದು ಸುಂಕ ಎಂದು ಹೆಸರು. ಸುಂಕ ಕಡಿಮೆಯಾದರೆ ಸಾಮಾನು ಅಗ್ಗ. 1998ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. 2000ದ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಬಹಳಷ್ಟು ಸಾಮಾನಿಗೆ ಸುಂಕ ತೆಗೆದರು ಅಥವಾ ಇಳಿಸಿದರು. ನಮ್ಮಿಂದ ಪೆಟ್ರೋಲಿಯಂ ಎಣ್ಣೆ, ಔಷಧಿ, ವಾಹನ, ಬಟ್ಟೆಗೆ ಬೇಕಾದ ಹತ್ತಿ ಸರಕು ಹೋಗುತ್ತದೆ. ಅಲ್ಲಿಂದ ಕಾಳುಮೆಣಸು, ಅಡಿಕೆ ಮುಂತಾದವು ಬರುತ್ತವೆ.

ಇಲ್ಲಿಗೆ ಬಂತು ನೋಡಿ ನಮ್ಮೂರಿನ ವಿಷಯ! ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯೇ ನಮ್ಮ ಕಡೆ ಎಷ್ಟೋ ಮನೆಗಳ ಕೈಖರ್ಚು. ಹೊರಗಿನ ಮಾಲು ಅಗ್ಗಕ್ಕೆ ಬಂದರೆ ನಮ್ಮ ಧಾರಣೆ ಬೀಳುತ್ತದೆ. ವಿಯೆಟ್ನಾಂ ದೇಶದ ಮೆಣಸನ್ನೇ ಶ್ರೀಲಂಕಾದ್ದು ಎಂದು ಹೇಳಿ ಸುಂಕ ತಪ್ಪಿಸಿ ತರುತ್ತಾರೆ ಎಂದು ಬೆಳೆಗಾರರು ದೂರು ಕೊಟ್ಟರು. ಆಗ ಕೇಂದ್ರ ಸರ್ಕಾರ 2017ರಲ್ಲಿ, ಮೆಣಸನ್ನು ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಆಮದು ಮಾಡಬಾರದು ಎಂದು ನಿಯಮ ಮಾಡಿತು. ಅಡಿಕೆಗೆ 2023ರಲ್ಲಿ ಈ ಕನಿಷ್ಠ ಬೆಲೆಯನ್ನು 351 ರೂಪಾಯಿಗೆ ಏರಿಸಿತು.

ಹಾಗಾದ್ರೆ ಒಪ್ಪಂದವೇ ಬೇಡ ಅನ್ನೋಣವೇ? ನನಗೆ ಹಾಗೆ ಅನಿಸುವುದಿಲ್ಲ. ಯಾಕಂದ್ರೆ ಲಂಕಾದಲ್ಲೂ ನಮ್ಮ ಹಾಗೆ ಮೆಣಸು ಕೊಯ್ದು ಒಣಗಿಸುವ ಸಣ್ಣ ರೈತರಿದ್ದಾರೆ. ಅವರು ಬೆಳೆದದ್ದು ಬರಲಿ. ಮೂರನೆಯವರ ಮಾಲು ಅವರ ಹೆಸರಿನಲ್ಲಿ ಬಂದರೆ ಅವರಿಗೂ ನಷ್ಟ, ನಮಗೂ ನಷ್ಟ. ಅದನ್ನು ಬಂದರಿನಲ್ಲೇ ಸರಿಯಾಗಿ ಪರೀಕ್ಷೆ ಮಾಡಬೇಕು.

ಕಷ್ಟಕಾಲದ ಸಹಾಯ

2022ರಲ್ಲಿ ಶ್ರೀಲಂಕಾಕ್ಕೆ ಬಹಳ ಕಷ್ಟ ಬಂತು. ಹೊರದೇಶದಿಂದ ಸಾಮಾನು ಕೊಳ್ಳಲು ಡಾಲರ್ ಬೇಕು. ಅವರ ಹತ್ತಿರ ಅದು ಖಾಲಿಯಾಯಿತು. ಪೆಟ್ರೋಲ್, ಅಡುಗೆ ಗ್ಯಾಸಿಗೆ ಜನ ದಿನಗಟ್ಟಲೆ ಸಾಲು ನಿಂತರು. ದಿನಕ್ಕೆ 13 ಗಂಟೆ ಕರೆಂಟ್ ತೆಗೆದದ್ದೂ ಉಂಟು. ನನಗೆ ಹೆಚ್ಚು ಬೇಸರವಾದ ವಿಷಯ ಬೇರೆ. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಇಲ್ಲದೆ ಕೊಲಂಬೊ ಕಡೆಯ ಶಾಲೆಗಳಲ್ಲಿ ಪರೀಕ್ಷೆ ಮುಂದೆ ಹಾಕಿದರಂತೆ. ಪರೀಕ್ಷೆ ಇಲ್ಲ ಅಂದ್ರೆ ನಮಗೆ ಮೊದಲು ಖುಷಿಯಾಗಬಹುದು. ಆದರೆ ಒಂದು ದೇಶದಲ್ಲಿ ಮಕ್ಕಳಿಗೆ ಕಾಗದವೇ ಇಲ್ಲ ಅಂದರೆ ಹೇಗಿರುತ್ತದೆ, ಯೋಚಿಸಿ.

ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರ್ ಮೊತ್ತದ ನೆರವು ನೀಡಿತು. ಇದರಲ್ಲಿ ಹೆಚ್ಚಿನದು ಸಾಲ. ಅಕ್ಕಿ, ಔಷಧಿ, ಪೆಟ್ರೋಲ್, ಡೀಸೆಲ್ ಎಲ್ಲ ಹೋಯಿತು. ಮುಂದೆ ಶಾಲೆಯ ಪಠ್ಯಪುಸ್ತಕಕ್ಕೆ ಬೇಕಾದ ಕಾಗದವೂ ಇದೇ ಸಹಾಯದಲ್ಲಿ ಹೋಯಿತು. ಇದಕ್ಕೂ ಮೊದಲು 2016ರಲ್ಲಿ ನಮ್ಮ 108ರಂಥ ಆಂಬ್ಯುಲೆನ್ಸ್ ಸೇವೆಯನ್ನು ಭಾರತದ ಅನುದಾನದಲ್ಲಿ ಅಲ್ಲಿ ಆರಂಭಿಸಿದ್ದರು. ಅಲ್ಲಿ 1990ಕ್ಕೆ ಫೋನ್ ಮಾಡಬೇಕು.

ಸಹಾಯ ಮಾಡುವುದರಿಂದ ನಮಗೂ ಲಾಭವಿದೆ. ಭಾರತಕ್ಕೆ ಬರುವ, ಹೋಗುವ ಎಷ್ಟೋ ಸರಕಿನ ಪೆಟ್ಟಿಗೆಗಳನ್ನು ಕೊಲಂಬೊ ಬಂದರಿನಲ್ಲಿ ಸಣ್ಣ ಹಡಗಿಗೂ ದೊಡ್ಡ ಹಡಗಿಗೂ ಬದಲಾಯಿಸುತ್ತಾರೆ. ಆ ಬಂದರು ನಿಂತರೆ ನಮ್ಮ ವ್ಯಾಪಾರವೂ ತಡವಾಗುತ್ತದೆ.

ಬಿಡಿಸಬೇಕಾದ ಗಂಟು

ಎಲ್ಲವೂ ಚೆನ್ನಾಗಿದೆ ಅಂತ ಬರೆದರೆ ಪಾಠ ಅರ್ಧವಾಗುತ್ತದೆ. ಮೀನುಗಾರರ ಸಮಸ್ಯೆ ಇನ್ನೂ ಹಾಗೇ ಇದೆ. 1974 ಮತ್ತು 1976ರ ಒಪ್ಪಂದಗಳಲ್ಲಿ ಸಮುದ್ರದಲ್ಲಿ ಗಡಿ ಹಾಕಿದರು. ಕಚ್ಚತೀವು ಎಂಬ ಚಿಕ್ಕ ದ್ವೀಪ ಶ್ರೀಲಂಕಾ ಕಡೆ ಉಳಿಯಿತು. ಹೊಲಕ್ಕೆ ಬದು ಇರುತ್ತದೆ, ಕಣ್ಣಿಗೆ ಕಾಣುತ್ತದೆ. ನೀರಿಗೆ ಬದು ಎಲ್ಲಿ? ತಮಿಳುನಾಡಿನ ಮೀನುಗಾರರು ಗಡಿ ದಾಟಿದರು ಎಂದು ಅಲ್ಲಿನ ನೌಕಾಪಡೆ ಹಿಡಿಯುತ್ತದೆ. ದೋಣಿ ಕಿತ್ತುಕೊಳ್ಳುತ್ತಾರೆ. ಇಲ್ಲಿ ಮನೆಯವರು ಕಾಯುತ್ತಾ ಕೂರುತ್ತಾರೆ.

ಆಚೆ ಕಡೆಯವರ ಮಾತೂ ಕೇಳಬೇಕು. ಯುದ್ಧದ ಕಾಲದಲ್ಲಿ ಜಾಫ್ನಾ ಕಡೆಯ ಮೀನುಗಾರರಿಗೆ ಸರಿಯಾಗಿ ಕಡಲಿಗೆ ಇಳಿಯಲು ಆಗುತ್ತಿರಲಿಲ್ಲ. ಈಗ ಅವರು ಸಣ್ಣ ದೋಣಿಯಲ್ಲಿ ಬಲೆ ಹಾಕಿದರೆ, ನಮ್ಮ ಕಡೆಯ ದೊಡ್ಡ ಟ್ರಾಲರ್ ದೋಣಿಗಳು ಬಂದು ಆ ಬಲೆ ಹರಿಯುತ್ತವೆ. ಟ್ರಾಲರ್ ಬಲೆ ಸಮುದ್ರದ ತಳವನ್ನೇ ಗುಡಿಸಿಕೊಂಡು ಹೋಗುತ್ತದೆ. ಮರಿ ಮೀನೂ ಉಳಿಯುವುದಿಲ್ಲ. ಶ್ರೀಲಂಕಾ 2017ರಲ್ಲಿ ಇಂಥ ಮೀನುಗಾರಿಕೆಯನ್ನು ನಿಷೇಧಿಸಿತು. ವಿಚಿತ್ರ ಏನೆಂದರೆ, ಎರಡೂ ದಡದ ಈ ಮೀನುಗಾರರು ಆಡುವ ಭಾಷೆ ಒಂದೇ, ತಮಿಳು. ಇಬ್ಬರೂ ಬಡವರೇ.

ಇದಕ್ಕೆ 2016ರಲ್ಲಿ ಎರಡೂ ಸರ್ಕಾರಗಳು ಜಂಟಿ ಸಮಿತಿ ಮಾಡಿದವು. 2017ರಲ್ಲಿ ಭಾರತ, ಟ್ರಾಲರ್ ಬಿಟ್ಟು ಆಳಸಮುದ್ರಕ್ಕೆ ಹೋಗುವ ದೋಣಿ ಕೊಳ್ಳುವವರಿಗೆ ಸಹಾಯಧನದ ಯೋಜನೆ ತಂದಿತು. ಆದರೆ ಕೆಲಸ ಅಂದುಕೊಂಡಷ್ಟು ಬೇಗ ಸಾಗಿಲ್ಲ. ಹೊಸ ದೋಣಿಗೆ ತಮ್ಮ ಪಾಲಿನ ಹಣ ಹಾಕುವುದು ಬಡವರಿಗೆ ಸುಲಭವಲ್ಲ.

ನನ್ನ ಅಭಿಪ್ರಾಯ

1. ಮೀನುಗಾರರನ್ನು ಕಳ್ಳರ ಹಾಗೆ ನೋಡಬಾರದು. ಎರಡೂ ಕಡೆಯ ಮೀನುಗಾರರನ್ನೇ ಎದುರುಬದುರು ಕೂರಿಸಿ ಮಾತಾಡಿಸಬೇಕು.
2. ತಳ ಗುಡಿಸುವ ಬಲೆಯನ್ನು ನಿಲ್ಲಿಸಬೇಕು. ಆದರೆ ಮೊದಲು ಹೊಟ್ಟೆಪಾಡಿಗೆ ಬೇರೆ ದಾರಿ ಕೊಡಬೇಕು.
3. ವ್ಯಾಪಾರದ ಒಪ್ಪಂದ ಮಾಡುವಾಗ ಮೀನು ಹಿಡಿಯುವವರನ್ನೂ ಮೆಣಸು ಬೆಳೆಯುವವರನ್ನೂ ಕೇಳಬೇಕು.

ದೂರದ ನೆಂಟರಿಗಿಂತ ಹತ್ತಿರದ ನೆರೆಯವರೇ ಮೇಲು ಅಂತ ಹಿರಿಯರು ಹೇಳುತ್ತಾರೆ. ನೆರೆಮನೆಯನ್ನು ನಾವು ಆರಿಸಿಕೊಳ್ಳಲು ಆಗುವುದಿಲ್ಲ. ಚೆನ್ನಾಗಿ ಇಟ್ಟುಕೊಳ್ಳಲು ಆಗುತ್ತದೆ.

ಉತ್ತರ ಹೇಳಿ ನೋಡೋಣ

1. ಭಾರತ ಮತ್ತು ಶ್ರೀಲಂಕಾ ನಡುವೆ ಇರುವ ಜಲಸಂಧಿ ಯಾವುದು?
2. ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ವರ್ಷ ಯಾವುದು?
3. ಆಮದು ಸುಂಕ ಇಳಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಕೇಳಿ ಬರೆಯಿರಿ.

– 7ನೇ ತರಗತಿ ವಿದ್ಯಾರ್ಥಿನಿ